ನಾಟಿ ಮಾಡಿದ ಜೋಳ

ನನ್ನ ಹೆಸರು ಮರಿಲಿಂಗಪ್ಪ. ಕಾಲುವೆಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ಗುಮಾಸ್ತ. ಕಚೇರಿ ಶಹಾಪುರ ತಾಲ್ಲೂಕಿನಲ್ಲಿದೆ ಎಂದಷ್ಟೇ ಹೇಳುತ್ತೇನೆ, ಹೆಸರು ಬರೆಯುವುದಿಲ್ಲ. ನೌಕರಿ ಇನ್ನೂ ಎರಡು ವರ್ಷ ಇದೆ, ಆಮೇಲೆ ಪೆನ್ಶನ್ ಬೇರೆ ಬರಬೇಕು. ಬರೆಯಹೊರಟಿರುವುದು ನನ್ನ ಬಗ್ಗೆ ಅಲ್ಲ, ಮೋನಮ್ಮನ ಬಗ್ಗೆ. ನಮ್ಮ ಕಚೇರಿಗೆ ಮೂರು ವರ್ಷ ಗುತ್ತಿಗೆಯ ಮೇಲೆ ಬಂದು, ಫಾರ್ಮು ಮಾಡಿಕೊಟ್ಟು ಹೋದ ಹುಡುಗಿ. ಅವಳ ಭಾವಚಿತ್ರವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಅದಕ್ಕೇ ಈ ನಾಲ್ಕು ಹಾಳೆ.

ಅವಳ ಊರು ಕರಡಿಹಾಳ. ನಮ್ಮ ಕಾಲುವೆ ಸುರಪುರದ ಕಡೆಯಿಂದ ಹೊರಟು ಶಹಾಪುರ ದಾಟಿ ಭೀಮೆಯ ಕಡೆ ಹೋಗಿ ಸೊರಗುತ್ತದಲ್ಲ, ಆ ಸೊರಗುವ ಜಾಗವೇ ಕರಡಿಹಾಳ. ಕಾಲುವೆ ತೋಡುವಾಗ ಅವಳ ತಾಯಿ ಲಾಲಮ್ಮ ಎರಡು ವರ್ಷ ಬುಟ್ಟಿಯಲ್ಲಿ ಮಣ್ಣು ಹೊತ್ತಿದ್ದಳು. ಅವರ ಹೊಲದಲ್ಲೇ ಹತ್ತು ಗುಂಟೆ ಕಾಲುವೆಗೆ ಹೋಯಿತು. ಉಳಿದದ್ದು ಮೂರು ಎಕರೆ. ಸರಕಾರ ಹೊಲದ ಮೂಲೆಗೆ ಸಿಮೆಂಟಿನ ತೂಬು ಕಟ್ಟಿಸಿ ಅದಕ್ಕೊಂದು ನಂಬರು ಕೊಟ್ಟಿತು. ನಂಬರು ಎಷ್ಟೋ ವರ್ಷ ಅಳಿಸಲಿಲ್ಲ, ನೀರು ಹರಿದರೆ ತಾನೇ ಅಳಿಸಲಿಕ್ಕೆ. ತೂಬಿನ ಬಾಯಲ್ಲಿ ಲಾಲಮ್ಮನ ಕೋಳಿ ಮೊಟ್ಟೆ ಇಡುತ್ತಿತ್ತು.

ಮೋನಮ್ಮ ಯಾದಗಿರಿಯಲ್ಲಿ ಡಿಪ್ಲೊಮಾ ಓದುತ್ತ, ಕಚೇರಿಗಳ ಎದುರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಜನರಿಗೆ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತಿದ್ದಳು. ಜಾತಿ, ಆದಾಯ, ರೇಷನ್, ಪಹಣಿ, ಅವಳ ಕೈಯಿಂದ ಹೋಗದ ಅರ್ಜಿ ಇರಲಿಲ್ಲ. ಅರ್ಜಿಯ ಸ್ವಭಾವ ಅವಳಿಗೆ ತಿಳಿದದ್ದು ಅಲ್ಲೇ. ಒಂದು ಸಲ ನನಗೆ ಹೇಳಿದಳು:

“ಅರ್ಜಿ ಬರದಾಂವ್ ಒಬ್ಬಾಂವ್ ಇರ್ತಾನ್ರಿ ಸರ, ತುಂಬಾಂವ್ ಇನ್ನೊಬ್ಬಾಂವ್ ಇರ್ತಾನ. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿರಂಗಿಲ್ಲ. ಅದಕ್ಕ ಇಷ್ಟ ಸುಳ್ಳು.”

ಯಾದಗಿರಿ ಜಿಲ್ಲೆಯಾಗಿ ಐದಾರು ವರ್ಷ ಆಗಿತ್ತು. ನೀರಿನ ಅರ್ಜಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಮೇಲಿನಿಂದ ಹುಕುಂ ಬಂತು. ಅಲ್ಲಿಯವರೆಗೆ ನಮ್ಮಲ್ಲಿ ಹನ್ನೊಂದು ಬಗೆಯ ಕಾಗದದ ಅರ್ಜಿ ಇದ್ದವು. ಹತ್ತಿಗೆ ಹಸಿರು, ಶೇಂಗಾಕ್ಕೆ ಹಳದಿ, ಹೀಗೆ. ಮೋನಮ್ಮ ಬಂದು ಒಂದು ವಾರ ಆ ಹನ್ನೊಂದನ್ನೂ ಓದಿದಳು. ನನ್ನ ನೌಕರಿಯಲ್ಲಿ ಅವನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಓದಿ ಮುಗಿಸಿ ಹನ್ನೊಂದು ಬೇಡ, ಒಂದೇ ಸಾಕು ಎಂದಳು.

ಆ ಒಂದು ಅರ್ಜಿ ಹೇಗಿತ್ತೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲಿಯದೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಬಿಟ್ಟ ಫ್ರೇಮ್‌ವರ್ಕ್ ಎಂಬುದೊಂದು ಇರುತ್ತದೆ, ಕಟ್ಟಿ ನಿಲ್ಲಿಸಿದ ಚೌಕಟ್ಟು. ಬಾಗಿಲು ಕೂಡಿಸುವುದು ನಮ್ಮ ಕೆಲಸ. ಮೋನಮ್ಮ ಪ್ರಶ್ನೆಗಳನ್ನು ಅದರೊಳಗೆ ನೇರವಾಗಿ ಬರೆಯಲಿಲ್ಲ. ಎಲ್ಲವನ್ನೂ ಒಂದು ಪಟ್ಟಿಯಲ್ಲಿಟ್ಟಳು. ಯಾವ ಪ್ರಶ್ನೆ, ಉತ್ತರ ಅಂಕಿಯೋ ತಾರೀಖೋ ಅಕ್ಷರವೋ, ಕಡ್ಡಾಯವೋ ಅಲ್ಲವೋ, ಯಾವ ಉತ್ತರ ಕೊಟ್ಟರೆ ಮುಂದೆ ಯಾವ ಪ್ರಶ್ನೆ ಏಳಬೇಕು. ರೈತ ಹತ್ತಿ ಎಂದರೆ ಪರದೆಯ ಮೇಲೆ ಹತ್ತಿಯ ಪ್ರಶ್ನೆಗಳು ಮಾತ್ರ ಬರುತ್ತಿದ್ದವು. ಶೇಂಗಾ ಎಂದರೆ ಅವು ಹೋಗಿ ಶೇಂಗಾದವು ಬರುತ್ತಿದ್ದವು. ಅರ್ಜಿ ಪ್ರತಿಯೊಬ್ಬನ ಎದುರಿಗೂ ಆಗಷ್ಟೇ ಹುಟ್ಟುತ್ತಿತ್ತು. ತಪಾಸಣೆ ಎರಡು ಕಡೆ ಇತ್ತು. ಪರದೆಯ ಮೇಲೆ ಒಂದು, ಅದು ಬಾಯಿಮಾತಿನ ಎಚ್ಚರಿಕೆ. ಒಳಗೆ ಸರ್ವರಿನಲ್ಲಿ ಇನ್ನೊಂದು, ನಿಜವಾಗಿ ತಡೆಯುವುದು ಅದೇ. “ಹೊರಗ ಸೊಸಿ, ಒಳಗ ಅತ್ತಿ” ಎಂದು ಮೋನಮ್ಮ ನನಗೆ ತಿಳಿಸಿಕೊಟ್ಟಳು. ನನಗೆ ತಟ್ಟನೆ ತಿಳಿಯಿತು, ಮನೆಯಲ್ಲಿ ಇಬ್ಬರೂ ಇದ್ದಾರೆ.

ಇಷ್ಟಾದ ಮೇಲೆ ಕಚೇರಿ ಸುಮ್ಮನಿರುತ್ತದೆಯೇ. ಪ್ರಶ್ನೆ ಸೇರಿಸುವುದು ಸುಲಭ ಎಂದು ಗೊತ್ತಾದದ್ದೇ ತಡ, ಎಲ್ಲ ಸೆಕ್ಷನ್ನಿನವರೂ ಚೀಟಿ ಹಿಡಿದು ಅವಳ ಟೇಬಲ್ಲಿಗೆ ಬಂದರು. ಒಬ್ಬರು ಎತ್ತುಗಳ ಸಂಖ್ಯೆ ಕೇಳಬೇಕೆಂದರು. ಎತ್ತು ಇದ್ದರೆ ಅವುಗಳ ವಯಸ್ಸು ಕೇಳಬೇಕೆಂದು ಇನ್ನೊಬ್ಬರು. ಭತ್ತದ ವಿಷಯದಲ್ಲಂತೂ ದೊಡ್ಡ ತಮಾಷೆಯೇ ಆಯಿತು. ನಮ್ಮ ಕಾಲುವೆಯ ನೀರು ಕಡಿಮೆ ನೀರು ಕುಡಿಯುವ ಬೆಳೆಗಳಿಗೆ, ಭತ್ತಕ್ಕೆ ಇಲ್ಲ ಎಂಬುದು ಕಾನೂನು. ಸುರಪುರದ ಕಡೆ ಕಾಲುವೆಯ ಬಾಯಲ್ಲಿರುವವರೆಲ್ಲ ಭತ್ತವನ್ನೇ ಹಾಕುತ್ತಾರೆ ಎಂಬುದು ಲೋಕ. ಹಾಗಾಗಿ ಅಂಕಿ-ಅಂಶದವರು, ಭತ್ತ ಎಂದವರಿಗೆ ತಳಿ ಯಾವುದು, ಸಸಿ ಮಡಿ ಎಷ್ಟು, ನಾಟಿ ಮಾಡಿದ ತಾರೀಖು ಯಾವುದು ಎಂದು ಕೇಳಬೇಕೆಂದರು. ನೀರಿನವರು, ಭತ್ತ ಎಂದವರ ಅರ್ಜಿ ತಿರಸ್ಕರಿಸಬೇಕೆಂದರು. ಸಾಹೇಬರು ಇಬ್ಬರಿಗೂ ಆಗಲಿ ಎಂದರು. ಹಾಗಾಗಿ ನಮ್ಮ ಫಾರ್ಮು ಮೊದಲು ಭತ್ತದ ಯೋಗಕ್ಷೇಮವನ್ನೆಲ್ಲ ವಿಚಾರಿಸಿ, ಕೊನೆಗೆ ಹೊರಗೆ ಹೋಗು ಎನ್ನುತ್ತಿತ್ತು.

ಸಾಹೇಬರು ಎಂದರೆ ನಮ್ಮ ಇಂಜಿನಿಯರ್ ಸಾಹೇಬರು. ಮೈಸೂರು ಕಡೆಯವರು, ಕೆಟ್ಟವರಲ್ಲ. ಒಂದು ಹಸಿರು ಶಾಯಿಯ ಪೆನ್ನಿಟ್ಟುಕೊಂಡಿದ್ದರು, ಅದರಿಂದ ಬಿಲ್ಲಿಗೆ ಮಾತ್ರ ಸಹಿ ಹಾಕುತ್ತಿದ್ದರು. ಆದೇಶವೆಲ್ಲ ಬಾಯಲ್ಲಿ. ನಮ್ಮ ಕಚೇರಿಯ ಪದ್ಧತಿಯೇ ಹಾಗೆ. ಬಾಯಿಂದ ಬಂದದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ತನಿಖೆಗೆ ಹೋಗುತ್ತದೆ ಎಂಬ ಭಯ.

ಆಗಸ್ಟಿನಲ್ಲಿ ಅರ್ಜಿ ತುಂಬಿಸಲು ನನ್ನನ್ನು ಸುರಪುರದ ಕಡೆ ಹಾಕಿದರು. ಮೊದಲ ದಿನವೇ ಪರಮಣ್ಣ ಬಂದ. ಕಾಲುವೆಯ ಬಾಯಲ್ಲಿ ಹದಿನಾಲ್ಕು ಎಕರೆಯ ಧಣಿ, ಅಲ್ಲಿಯ ಜನಕ್ಕೆಲ್ಲ ಮುಂದಾಳು.

“ಏನ್ ಹಾಕೀರಿ ಪರಮಣ್ಣ?” ಎಂದೆ.

“ನೆಲ್ಲು ಹಚ್ಚೀನ್ರಿ. ಕಣ್ಣಿಗಿ ಕಾಣಾಕತ್ತದಲ್ರಿ, ಕೇಳೋದೇನದ.”

ನೆಲ್ಲು ಎಂದರೆ ಭತ್ತವೇ. ಒತ್ತಿದೆ. ತಳಿ ಕೇಳಿತು, ಸೋನಾ ಎಂದ. ಮಡಿ ಕೇಳಿತು, ಹೇಳಿದ. ನಾಟಿಯ ತಾರೀಖು ಕೇಳಿತು. ನಾಗರಪಂಚಮಿಯಿಂದ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದ. ಸಲ್ಲಿಸು ಎಂದು ಒತ್ತಿದೆ. ಕೆಂಪಗೆ ಬಂತು.

“ನೆಲ್ಲಿಗಿ ನೀರ್ ಇಲ್ಲ ಅಂತದ್ರಿ.”

“ಹಂಗಾರ ಜ್ವಾಳ ಅಂತ ಬರೀರಿ. ಮದ್ಲ ಹೇಳಬಾರದೇನ್ರಿ, ಇಷ್ಟೊತ್ತು ನಿಂದ್ರಸೀರಿ.”

ಮೇಲೆ ಹೋಗಿ ಭತ್ತ ತೆಗೆದು ಜೋಳ ಒತ್ತಿದೆ. ತಳಿ, ಮಡಿ, ನಾಟಿಯ ಪ್ರಶ್ನೆಗಳು ಪರದೆಯಿಂದ ಮಾಯವಾದವು. ಸಲ್ಲಿಸಿದೆ, ಹಸಿರಾಯಿತು. ಪರಮಣ್ಣ ಚಹಾ ಹೇಳಿದ. ಅವನ ಹಿಂದೆ ನಿಂತವರೆಲ್ಲರೂ ಹೀಗೆಯೇ, ಮೊದಲು ಸತ್ಯ ಹೇಳಿ ಬೈಸಿಕೊಂಡು ಆಮೇಲೆ ಜೋಳ ಎಂದರು. ಮುಂದಿನವನ ಅರ್ಜಿ ಕೆಂಪಾಗುವುದನ್ನು ನೋಡಿದ ಹಿಂದಿನವನಾದರೂ ಮೊದಲೇ ಜೋಳ ಎನ್ನಬೇಕಲ್ಲ, ಅದಿಲ್ಲ. ನಮ್ಮ ಕಡೆಯವರಿಗೆ ಏನ್ ಹಾಕೀರಿ ಎಂದು ಮುಖ ನೋಡಿ ಕೇಳಿದರೆ, ಹಾಕಿದ್ದೇ ಬಾಯಿಗೆ ಬರುತ್ತದೆ. ಸುಳ್ಳು ಹೇಳಲು ಅವರಿಗೆ ಸರಕಾರದ ಸಹಾಯ ಬೇಕು. ಆ ಸಹಾಯವನ್ನು ನಾನು ಹದಿನೈದು ದಿನ ಮಾಡಿದೆ. ಬೇರೆ ಕೇಂದ್ರಗಳಲ್ಲಿ ಬೇರೆಯವರು ಮಾಡಿದರು.

ಅರ್ಜಿಗಳ ಮೇಲೆ ಕಂಪ್ಯೂಟರು ಲೆಕ್ಕ ಹಾಕಿತು. ಕಾಲುವೆಯ ಉದ್ದಕ್ಕೂ ಜೋಳ. ಜೋಳಕ್ಕೆ ಎಷ್ಟು ನೀರು ಬೇಕು, ನಾಲ್ಕು ಹನಿ. ಆದ್ದರಿಂದ ಕೊನೆಯ ತೂಬಿನವರೆಗೂ ನೀರು ಧಾರಾಳ. ಸಾಹೇಬರಿಗೆ ಆನಂದವಾಯಿತು. ನೀರು ಬಂದಿಲ್ಲ ಎಂಬ ದೂರಿನ ಅರ್ಜಿಗೂ ಒಂದು ತಪಾಸಣೆ ಹಾಕು, ಲೆಕ್ಕದ ಪ್ರಕಾರ ನೀರು ಇರುವ ತೂಬಿನಿಂದ ದೂರು ಬಂದರೆ ತೆಗೆದುಕೊಳ್ಳಬೇಡ ಎಂದರು. ಮೋನಮ್ಮ ಹಾಕಿದಳು. ಹೇಳಿದ್ದನ್ನು ಮಾಡುವುದು ಅವಳ ಗುತ್ತಿಗೆ.

ಅಕ್ಟೋಬರಿನಲ್ಲಿ ಲಾಲಮ್ಮ ಕಚೇರಿಗೆ ಬಂದಳು. ಭೀಮರಾಯನಗುಡಿಯಲ್ಲಿ ಬಸ್ಸು ಬದಲಿಸಿ, ಸೀರೆಯ ಸೆರಗಿನಲ್ಲಿ ಒಂದು ಮೆಣಸಿನ ಗಿಡ ಕಿತ್ತು ಕಟ್ಟಿಕೊಂಡು ಬಂದಿದ್ದಳು. ಆ ವರ್ಷ ಎರಡು ಎಕರೆ ಮೆಣಸಿನಕಾಯಿ ಹಾಕಿದ್ದಳು, ಒಂದು ಎಕರೆ ರೊಟ್ಟಿಗೆಂದು ಜೋಳ. ಗಿಡ ಹೂವಿಗೆ ಬಂದು ಮುರುಟಿತ್ತು.

“ಇನ್ನ ಎಂಟು ದಿನದಾಗ ಒಂದ್ ನೀರ್ ಬಿದ್ರ ಉಳಿತದವಾ. ಇಲ್ಲಂದ್ರ ಕಿತ್ತು ಒಲಿಗಿ ಹಾಕೋದು” ಎಂದು ಗಿಡವನ್ನು ಮಗಳ ಕಂಪ್ಯೂಟರಿನ ಪಕ್ಕ ಇಟ್ಟಳು.

ಮೋನಮ್ಮ ತಾಯಿಯ ಹೆಸರಿನಲ್ಲಿ ದೂರು ತುಂಬಿದಳು. ತಾನೇ ಬರೆದ ಸಾಲು ಕೆಂಪಗೆ ಎದ್ದು ನಿಂತಿತು: ನಿಮ್ಮ ತೂಬಿನಲ್ಲಿ ಸಾಕಷ್ಟು ನೀರು ಇದೆ, ದೂರು ಸಲ್ಲಿಸಲಾಗದು.

“ಏನಂತದ?” ಎಂದು ಓದು ಬಾರದ ಲಾಲಮ್ಮ ಕೇಳಿದಳು.

“ನಿನ್ನ ಹೊಲದಾಗ ನೀರ್ ಅದ ಅಂತದ.”

ಲಾಲಮ್ಮ ಪರದೆಯನ್ನು ನೋಡಿ, “ಅದಕ್ಕೊಂದ್ ಸಲ ನಮ್ಮೂರಿಗಿ ಬಂದ್ ಹೋಗಂತ ಹೇಳು” ಎಂದಳು. ನಾನು ನಕ್ಕೆ. ಮೋನಮ್ಮನ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು. ಆ ಹುಡುಗಿ ಅಷ್ಟು ನಾಚಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ತಾಯಿಯನ್ನು ಬಸ್ಸಿಗೆ ಹತ್ತಿಸಿ ಬಂದು ಅವಳು ಸರ್ವರಿನ ಒಳಗೆ ಕೂತಿದ್ದ ಅರ್ಜಿಗಳನ್ನು ಒಂದೊಂದಾಗಿ ತೆಗೆದಳು. ಸಂಜೆಯ ಹೊತ್ತಿಗೆ ನನ್ನನ್ನು ಕರೆದಳು.

“ಸರ, ಜ್ವಾಳಾ ಯಾರರ ನಾಟಿ ಮಾಡ್ತಾರೇನ್ರಿ?”

ಜೋಳವನ್ನು ಬಿತ್ತುತ್ತಾರೆ, ನಾಟಿ ಮಾಡುವುದು ಭತ್ತದ ಸಸಿಯನ್ನು. ಜೋಳ ಎಂದು ಬರೆದ ಎರಡು ಸಾವಿರದ ಏಳುನೂರು ಅರ್ಜಿಗಳಲ್ಲಿ ಎರಡು ಸಾವಿರದ ಮುನ್ನೂರಕ್ಕೆ ನಾಟಿಯ ತಾರೀಖು ಇತ್ತು. ಬೆಳೆ ಜೋಳ, ತಳಿ ಸೋನಾ, ಸಸಿ ಮಡಿ ಎರಡು ಗುಂಟೆ. ತಪ್ಪು ಎಲ್ಲಿ ಆಗಿತ್ತೆಂದು ಅವಳೇ ತಿಳಿಸಿದಳು. ಉತ್ತರ ಬದಲಿಸಿದಾಗ ಹಳೆಯ ಪ್ರಶ್ನೆ ಕಣ್ಣಿಗೆ ಮರೆಯಾಗುತ್ತದೆ, ಅದರಲ್ಲಿ ತುಂಬಿದ್ದು ಮಾತ್ರ ಅರ್ಜಿಯ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಒಳಗಿನ ಅತ್ತೆ, ಕೇಳದೇ ಇದ್ದ ಪ್ರಶ್ನೆಯ ಉತ್ತರವನ್ನು ಬಾಗಿಲಲ್ಲೇ ಬಿಡಿಸಿಕೊಳ್ಳಬೇಕು. ಆ ಒಂದು ಸಾಲು ಬರೆಯುವುದು ಅವಳಿಗೆ ಮರೆತಿತ್ತು. ಪಟ್ಟಿಯ ಪಕ್ಕದಲ್ಲಿ ತುಂಬಿದವರ ಹೆಸರೂ ಇತ್ತು. ಆರುನೂರು ಸಾಲಿನಲ್ಲಿ ಮರಿಲಿಂಗಪ್ಪ, ಮರಿಲಿಂಗಪ್ಪ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ, ನಾನು ಅದನ್ನೂ ಮಾಡಲಿಲ್ಲ, ಎದ್ದು ನೀರು ಕುಡಿಯಲು ಹೋದೆ.

ಮರುದಿನ ಅವಳು ಪಟ್ಟಿಯನ್ನು ಸಾಹೇಬರ ಮುಂದಿಟ್ಟು, ಕಾಲುವೆಯ ಬಾಯಲ್ಲಿರುವವರೆಲ್ಲ ಭತ್ತ ಹಾಕಿದ್ದಾರೆ, ಲೆಕ್ಕ ತಪ್ಪು, ಕೊನೆಯ ತೂಬುಗಳಿಗೆ ನೀರು ಬಿಡಬೇಕು ಎಂದಳು.

“ಆ ತಾರೀಖುಗಳನ್ನ ಅಳಿಸಿಬಿಡಮ್ಮ” ಎಂದರು ಸಾಹೇಬರು.

“ಅಳಿಸ್ತೀನ್ರಿ. ಬರದ್ ಕೊಡ್ರಿ ಸಾಹೇಬ್ರ.”

ಸಾಹೇಬರು ಹಸಿರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಪತ್ರ ಬಂತು. ತಿಂಗಳ ವರದಿ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತಲ್ಲ, ಅದನ್ನು ಯಾರೋ ನಿಜವಾಗಿ ಓದಿಬಿಟ್ಟಿದ್ದರು. ಪತ್ರವನ್ನು ನಾನೇ ಒಳವಹಿಗೆ ಏರಿಸಿದ್ದರಿಂದ ಒಕ್ಕಣೆ ನೆನಪಿದೆ. “ತಮ್ಮ ವ್ಯಾಪ್ತಿಯಲ್ಲಿ ಜೋಳವನ್ನು ನಾಟಿ ಮಾಡುವ ನೂತನ ಪದ್ಧತಿಯನ್ನು 2,300 ರೈತರು ಅಳವಡಿಸಿಕೊಂಡಿರುವುದು ಶ್ಲಾಘನೀಯ. ಹೊಲದಲ್ಲಿ ನಿಂತ ಬೆಳೆಯ ಭಾವಚಿತ್ರವನ್ನು ತಂತ್ರಾಂಶದ ಮೂಲಕವೇ ಹತ್ತು ದಿನಗಳೊಳಗೆ ಕಳುಹಿಸುವುದು.” ಬೈದಿದ್ದರೆ ಸಾಹೇಬರು ಉತ್ತರ ಬರೆದು ತಪ್ಪಿಸಿಕೊಳ್ಳುತ್ತಿದ್ದರು. ಹೊಗಳಿಕೆಗೆ ಅವರ ಬಳಿ ಮದ್ದಿರಲಿಲ್ಲ.

ಫೋಟೋ ಹಾಕಲು ಒಂದು ಕಾಲಂ ಮಾಡಿಕೊಡು ಎಂದು ಮೋನಮ್ಮನಿಗೆ ಹೇಳಿದರು. ಅವಳು ಪಟ್ಟಿಗೆ ಒಂದು ಸಾಲು ಸೇರಿಸಿದಳು. ಫೋಟೋ ಕಡ್ಡಾಯ, ಇದೇ ವಾರದ್ದಾಗಿರಬೇಕು, ತೆಗೆದ ಸ್ಥಳ ಫೋನಿನಿಂದಲೇ ಬರಬೇಕು, ಆ ಸ್ಥಳ ನಮ್ಮ ಕಾಲುವೆಯ ಗಡಿಯೊಳಗಿರಬೇಕು. ಸಾಹೇಬರು ಎಲ್ಲಿಂದಲೋ ಇಳಿಸಿಕೊಂಡ ಒಂದು ಚಂದದ ಜೋಳದ ಚಿತ್ರ ಹಾಕಿದರು. ಸ್ಥಳವಿಲ್ಲ ಎಂದಿತು. ವಿಜಯಪುರದ ಗೆಳೆಯನಿಂದ ತರಿಸಿದ್ದನ್ನು ಹಾಕಿದರು. ಈ ಸ್ಥಳ ನಮ್ಮ ಕಾಲುವೆಯದಲ್ಲ ಎಂದಿತು.

“ಆ ಚೆಕ್ ತೆಗೆದುಹಾಕಮ್ಮ.”

“ಹೌದ್ರಿ ಸಾಹೇಬ್ರ. ಬರದ್ ಕೊಟ್ರ ಈಗ್ಲೇ ತೆಗಿತೀನ್ರಿ.”

ಬರೆಯುವುದಕ್ಕಿಂತ ಜೋಳ ಹುಡುಕುವುದೇ ಸುಲಭ ಎಂದು ಸಾಹೇಬರಿಗೆ ಅನಿಸಿರಬೇಕು. ಡ್ರೈವರ್ ಮಸ್ತಾನಸಾಬನಿಗೆ ಜೀಪು ತೆಗೆಯಲು ಹೇಳಿದರು. ನಾನೂ ಹತ್ತಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾಲುವೆಯ ಏರಿಯ ಮೇಲೆ ಹೋದೆವು. ಎರಡೂ ಕಡೆ ತೆನೆ ಬಿಚ್ಚಿದ ಭತ್ತ, ಬೆಳ್ಳಕ್ಕಿಯ ಹಿಂಡು. ಅಷ್ಟು ಹಸಿರನ್ನು ಅಷ್ಟು ಸಿಟ್ಟಿನಿಂದ ನೋಡಿದ ಇಂಜಿನಿಯರು ಬೇರೆ ಯಾರೂ ಇರಲಿಕ್ಕಿಲ್ಲ. ಮಸ್ತಾನಸಾಬ ದಾರಿಯಲ್ಲಿ ಸಿಕ್ಕವರನ್ನೆಲ್ಲ ಇಲ್ಲಿ ಜ್ವಾಳ ಎಲ್ಲದ ಎಂದು ಕೇಳುತ್ತಿದ್ದ. ಜೋಳ ಬೇಕಾದರೆ ಯಾದಗಿರಿ ಬಜಾರಿಗೆ ಹೋಗ್ರಿ ಎಂದು ಒಬ್ಬ ಮುದುಕ ಮರ್ಯಾದೆಯಿಂದಲೇ ಹೇಳಿದ.

ಜೋಳ ಸಿಕ್ಕಿದ್ದು ಭತ್ತ ಮುಗಿದ ಮೇಲೆ, ನೀರೂ ಮುಗಿದ ಮೇಲೆ, ಕರಡಿಹಾಳದಲ್ಲಿ. ಲಾಲಮ್ಮನ ಹೊಲದಲ್ಲಿ ಮೊಣಕಾಲುದ್ದ ನಿಂತು ಎಲೆ ಸುರುಳಿ ಸುತ್ತಿಕೊಂಡಿತ್ತು. ಸಾಹೇಬರು ಫೋನು ಎತ್ತಿ ಹಿಡಿದು ಮತ್ತೆ ಇಳಿಸಿದರು. ನೀರು ಧಾರಾಳ ಎಂದು ವರದಿ ಕೊಟ್ಟ ತೂಬಿನಲ್ಲಿ ಆ ಬೆಳೆಯ ಚಿತ್ರ ಕಳುಹಿಸಿದರೆ ಮನೆಗೆ ಹೋಗಬೇಕಾಗುತ್ತಿತ್ತು.

“ಇದು ಹಸಿರಾಗೋಕೆ ಎಷ್ಟು ದಿನ ಬೇಕಮ್ಮ?” ಎಂದರು.

“ನೀರ್ ಬಿಟ್ರ ನಾಕ್ ದಿನ ಸಾಕ್ರಿ” ಎಂದಳು ಲಾಲಮ್ಮ. ಮೆಣಸಿನಕಾಯಿಯ ಮಾತನ್ನು ಎತ್ತಲೇ ಇಲ್ಲ. ಜಾಣೆ.

ಆ ಸಂಜೆ ಮೇಲಿನ ತೂಬುಗಳನ್ನೆಲ್ಲ ಮುಚ್ಚಲು ಹುಕುಂ ಹೋಯಿತು. ಬಾಯಲ್ಲೇ. ಪರಮಣ್ಣ ಇಪ್ಪತ್ತು ಜನರನ್ನು ಕಟ್ಟಿಕೊಂಡು ಕಚೇರಿಗೆ ಬಂದ. ತೆನೆ ಬಂದ ಹೊತ್ತಿನಲ್ಲಿ ನೀರು ನಿಲ್ಲಿಸುತ್ತೀರಾ ಎಂದು ಟೇಬಲ್ಲು ಗುದ್ದಿದ. ಸಾಹೇಬರು ಪತ್ರ ಓದಿ ಹೇಳಿದರು. ನೀವು ಬರೆಸಿದ ಜೋಳದ ಫೋಟೋ ಕೇಳಿದ್ದಾರೆ, ಇಲ್ಲವಾದರೆ ಅವರೇ ನೋಡಲು ಬರುತ್ತಾರೆ, ಬಂದರೆ ನಿಮ್ಮ ಗದ್ದೆಯ ಮೇಲೇ ಬರುತ್ತಾರೆ ಎಂದರು. ಪರಮಣ್ಣ ಮೀಸೆ ಸವರಿಕೊಂಡ. ಆಮೇಲೆ ತನ್ನವರ ಕಡೆ ತಿರುಗಿದ.

“ಜ್ವಾಳ ಉಳಿದ್ರ ನೆಲ್ಲು ಉಳಿತದ. ನಡೀರಿ, ಒಬ್ಬನೂ ತೂಬ್ ಎತ್ತಬಾರದು.”

ಬೇರೆ ದಿನ ಮುಚ್ಚಿದ ತೂಬನ್ನು ಹಾರೆ ಹಾಕಿ ಎಬ್ಬಿಸುವ ಜನವೇ, ನಾಲ್ಕು ದಿನ ಕೈಯಲ್ಲಿ ಬಡಿಗೆ ಹಿಡಿದು ತಮ್ಮ ತೂಬುಗಳನ್ನು ತಾವೇ ಕಾದರು. ಸರಕಾರ ಇಪ್ಪತ್ತೈದು ವರ್ಷದಲ್ಲಿ ಮಾಡಲಾಗದ್ದನ್ನು ಒಂದು ಕಡ್ಡಾಯದ ಕಾಲಂ ಮಾಡಿಸಿತು.

ಎರಡನೆಯ ದಿನ ಮಧ್ಯಾಹ್ನ ಮೋನಮ್ಮನ ಜೊತೆ ನಾನೂ ಕರಡಿಹಾಳಕ್ಕೆ ಹೋದೆ. ನೀರು ಕಸಕಡ್ಡಿ ತಳ್ಳಿಕೊಂಡು, ಮಣ್ಣಿನ ಬಣ್ಣದಲ್ಲಿ, ತೂಬಿನ ಬಾಯಿಗೆ ಬಂತು. ಲಾಲಮ್ಮ ಕಚ್ಚೆ ಕಟ್ಟಿ ಗುದ್ದಲಿ ಹಿಡಿದು ನಿಂತಿದ್ದಳು. ಜೋಳಕ್ಕೆ ಒಂದು ಸಾಲು ಬಿಟ್ಟು, ಉಳಿದದ್ದನ್ನೆಲ್ಲ ಮೆಣಸಿನ ಗಿಡಕ್ಕೆ ತಿರುವಿದಳು. ಈ ನೀರು ಯಾಕೆ ಬಂತು, ಫೋಟೋ ಏನು, ಫಾರ್ಮು ಏನು ಎಂದು ಮೋನಮ್ಮ ತಿಳಿಸಿಹೇಳಲು ಹೋದಳು.

“ಸುಮ್ಮಕಿರು” ಎಂದಳು ಲಾಲಮ್ಮ. “ಬಂದದ. ಯಾಕ ಬಂದಿ ಅಂತ ಕೇಳಿದ್ರ ಹೊಳ್ಳಿ ಹೋದೀತು.”

ಮೂವತ್ತು ವರ್ಷ ನೀರಿನ ಕಚೇರಿಯಲ್ಲಿ ಕೂತು, ನೀರು ಒಂದು ಹೊಲಕ್ಕೆ ಹೊಸದಾಗಿ ಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಫೋಟೋ ಹೋಯಿತು. ಜೋಳ ಹಸಿರಾಗಿತ್ತು, ಸಾಹೇಬರು ಅದರ ನಡುವೆ ಟೋಪಿ ಹಾಕಿ ನಿಂತಿದ್ದರು. ಮೇಲಿನಿಂದ ಇನ್ನೊಂದು ಶ್ಲಾಘನೆ ಬಂತು. ಮೆಣಸಿನ ಗಿಡ ಉಳಿಯಿತು. ಆಮೇಲೆ ಮೋನಮ್ಮ ಕೂತು ಆ ಮರೆತ ಸಾಲನ್ನು ಬರೆದಳು. ಅಂದಿನಿಂದ ಭತ್ತ ಎಂದು ಹೇಳಿ ಜೋಳಕ್ಕೆ ಬದಲಿಸಿದವರ ನಾಟಿಯ ತಾರೀಖು ಬಾಗಿಲಲ್ಲೇ ಬಿದ್ದುಹೋಗುತ್ತದೆ. ನನಗೆ ಸಿಟ್ಟು ಬಂತು. ಇಡೀ ಕಚೇರಿಯಲ್ಲಿ ಸತ್ಯ ಒಳಗೆ ಬರಲು ಇದ್ದದ್ದು ಅದೊಂದೇ ಕಿಂಡಿ, ಅದನ್ನೂ ಮುಚ್ಚಿದೆಯಲ್ಲ ಎಂದೆ.

“ತಪ್ಪು ನಂದದ್ರಿ ಸರ, ನಾನ ತಿದ್ದಬೇಕು. ತಪ್ಪಿನಾಗ ಸಿಕ್ಕ ಖರೇ ಎಷ್ಟ ದಿನ ಬಾಳ್ತದ್ರಿ” ಎಂದಳು.

ಮಾರ್ಚಿನಲ್ಲಿ ಅವಳ ಗುತ್ತಿಗೆ ಮುಗಿಯಿತು. ಮುಂದುವರಿಸಲಿಲ್ಲ, ಕಾರಣವನ್ನೂ ಯಾರೂ ಬರೆದು ಕೊಡಲಿಲ್ಲ. ಈಗ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟು ಜನರ ಅರ್ಜಿ ತುಂಬುತ್ತಾಳೆ. ತುಂಬುವ ಮುಂಚೆ ಅರ್ಜಿಯನ್ನು ಪೂರ್ತಿ ಓದಿ ಹೇಳುತ್ತಾಳಂತೆ, ಅದಕ್ಕೇ ಸಾಲು ಉದ್ದ.

ಅವಳು ಹೋದ ಮೇಲೆ ಮೂರು ಕಂಪನಿಯವರು ಬಂದು ನಮ್ಮ ಫಾರ್ಮನ್ನು ಬಿಚ್ಚಿ ನೋಡಿದರು. ಎತ್ತಿನ ವಯಸ್ಸು ತೆಗೆದರು, ಬಣ್ಣ ಬದಲಿಸಿದರು. ಫೋಟೋದ ಕಾಲಂ ಮಾತ್ರ ಅಲ್ಲೇ ಇದೆ. ಪ್ರತಿ ಹಂಗಾಮಿನಲ್ಲೂ ನಮ್ಮ ಕಾಲುವೆಯ ಗಡಿಯೊಳಗೆ ನಿಂತ ಹಸಿರು ಜೋಳದ ಫೋಟೋ ಹಾಕದೆ ವರದಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಪ್ರತಿ ಹಂಗಾಮಿನಲ್ಲೂ ನಾಲ್ಕು ದಿನ ಸುರಪುರದ ಕಡೆಯವರು ಬಡಿಗೆ ಹಿಡಿದು ತೂಬು ಕಾಯುತ್ತಾರೆ, ಕರಡಿಹಾಳಕ್ಕೆ ನೀರು ಹೋಗುತ್ತದೆ. ಆ ಕಾಲಂ ಎಲ್ಲಿಂದ ಹುಟ್ಟುತ್ತದೆ ಎಂದು ಕಂಪನಿಯವರಿಗೆ ಗೊತ್ತಾಗಿಲ್ಲ. ಅವರು ಪ್ರೋಗ್ರಾಮಿನಲ್ಲಿ ಹುಡುಕುತ್ತಾರೆ, ಅದಿರುವುದು ಪಟ್ಟಿಯಲ್ಲಿ. ಕಡ್ಡಾಯ ಎಂಬಲ್ಲಿ ಒಂದು ಎಂಬ ಅಂಕಿ ಇದೆ, ಅದನ್ನು ಸೊನ್ನೆ ಮಾಡಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಹೋಗುವ ದಿನ ಮೋನಮ್ಮ ನನ್ನನ್ನು ಕೂರಿಸಿಕೊಂಡು ತೋರಿಸಿದ್ದಳು. ಏನು ಮಾಡಬೇಕು, ಮಾಡಬಾರದು ಎಂದು ಏನೂ ಹೇಳಲಿಲ್ಲ.

ಈಗಿರುವವರು ಮೂರನೆಯ ಸಾಹೇಬರು. ಮೊನ್ನೆ ಕರೆದು, “ಮರಿಲಿಂಗಪ್ಪ, ಈ ಫೋಟೋ ಕಾಟ ತೆಗೆಯೋದು ನಿಮಗೇನಾದ್ರೂ ಗೊತ್ತಾ?” ಎಂದು ಕೇಳಿದರು.

“ನಮಗ ಹ್ಯಾಂಗ್ ಗೊತ್ತಾಗಬೇಕ್ರಿ ಸಾಹೇಬ್ರ, ನಾವು ಕಾಗದದ ಮಂದಿ” ಎಂದೆ. ಹೊರಗೆ ಬಂದು, ಕರಡಿಹಾಳಕ್ಕೆ ಜೀಪು ತೆಗೆ ಎಂದು ಮಸ್ತಾನಸಾಬನಿಗೆ ಹೇಳಿದೆ.